ಯುದ್ಧದ ನಡುವೆ ಡಯಾಲಿಸಿಸ್ ನಿಲ್ಲದಂತೆ ನೆರವಾಗುವುದು ಹೇಗೆ

ಯುದ್ಧ ನಡೆಯುತ್ತಿರುವ ಕಡೆಯ ಕಿಡ್ನಿ ರೋಗಿಗಳಿಗೆ ಏನಾದರೂ ಮಾಡಬೇಕೆಂದು ಹೊರಟವರು ನನಗೆ ಫೋನ್ ಮಾಡಿದಾಗ ಮೊದಲು ಕೇಳುವುದು ‘ಏನು ಕಳುಹಿಸೋಣ?’ ಎಂದು. ಅದಕ್ಕೆ ಉತ್ತರ ಇರುವುದು ನನ್ನ ಹತ್ತಿರವಲ್ಲ, ಅಲ್ಲಿನ ಡಯಾಲಿಸಿಸ್ ಘಟಕದಲ್ಲಿ ಕೆಲಸ ಮಾಡುವ ಟೆಕ್ನಿಷಿಯನ್ ಹತ್ತಿರ. ಅವರು ಫೋನಿಗೆ ಸಿಕ್ಕಾಗ ಎರಡೇ ಮಾತು ಕೇಳಿ: ಉಗ್ರಾಣದಲ್ಲಿ ಇರುವುದು ಇನ್ನೆಷ್ಟು ದಿನಕ್ಕೆ ಸಾಲುತ್ತದೆ? ಎಲ್ಲಕ್ಕಿಂತ ಮೊದಲು ಮುಗಿಯುವುದು ಯಾವುದು? ಮೂರು ನಿಮಿಷಕ್ಕೆ ಸಂಪರ್ಕ ಕಡಿದುಹೋದರೂ ಈ ಎರಡು ಉತ್ತರ ಕೈಗೆ ಬಂದಿದ್ದರೆ ಮುಂದಿನ ಕೆಲಸಕ್ಕೆ ದಾರಿಯಾಯಿತು.

ನಾನು ಡಯಾಲಿಸಿಸ್ ಟೆಕ್ನಿಷಿಯನ್. ಹತ್ತೊಂಬತ್ತು ವರ್ಷಗಳಲ್ಲಿ ಎರಡು ವರ್ಷವನ್ನು ಯುದ್ಧದ ನಡುವಿನ ಒಂದು ಆಸ್ಪತ್ರೆಯಲ್ಲಿ ಕಳೆದೆ. ಆಮೇಲೆ ನಾಲ್ಕು ವರ್ಷ ಗಡಿಯ ಈಚೆ ಕುಳಿತು ಅಂಥ ಘಟಕಗಳಿಗೆ ಸಾಮಗ್ರಿ ಹೊಂದಿಸಿಕೊಟ್ಟೆ. ಆ ಊರಿನ ಹೆಸರನ್ನಾಗಲಿ ಆಸ್ಪತ್ರೆಯ ಹೆಸರನ್ನಾಗಲಿ ಬರೆಯುವುದಿಲ್ಲ. ಅಲ್ಲಿ ಇಂದೂ ರೋಗಿಗಳು ಅದೇ ಮಂಚಗಳ ಮೇಲೆ ಮಲಗುತ್ತಾರೆ. ಯಾವ ಕಟ್ಟಡದಲ್ಲಿ, ಎಷ್ಟು ಹೊತ್ತಿಗೆ ಅವರು ಸೇರುತ್ತಾರೆಂಬುದು ಊರಿಗೆಲ್ಲ ಗೊತ್ತಾಗಬೇಕಾದ ವಿಷಯವಲ್ಲ. ನೀವೂ ಮೊದಲ ದಿನದಿಂದಲೇ ಈ ಎಚ್ಚರ ಇಟ್ಟುಕೊಳ್ಳಿ. ಫೋಟೊ ತೆಗೆದರೆ ಅದರಲ್ಲಿ ಸ್ಥಳದ ಗುರುತು ಅಡಗಿರುತ್ತದೆ, ಅದನ್ನು ಅಳಿಸದೆ ಯಾರಿಗೂ ಕಳುಹಿಸಬೇಡಿ.

ವಾರದ ಲೆಕ್ಕ

ಎರಡೂ ಕಿಡ್ನಿಗಳು ಸೋತವರಿಗೆ ಸಾಮಾನ್ಯವಾಗಿ ವಾರಕ್ಕೆ ಮೂರು ಡಯಾಲಿಸಿಸ್ ಬೇಕು, ಪ್ರತಿ ಸಲವೂ ನಾಲ್ಕು ಗಂಟೆ. ತಿಂಗಳಿಗೆ 13, ವರ್ಷಕ್ಕೆ 156. ಇದು ಒಮ್ಮೆ ಕೊಟ್ಟು ಮುಗಿಸುವ ಔಷಧವಲ್ಲ. ಒಂದು ವಾರ ತಪ್ಪಿದರೆ ಕುಡಿದ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ದಾರಿ ತಪ್ಪುತ್ತದೆ. ಆದ್ದರಿಂದ ನಿಮ್ಮ ದಾನವನ್ನು ಹಣದಲ್ಲಾಗಲಿ ಪೆಟ್ಟಿಗೆಗಳಲ್ಲಾಗಲಿ ಅಳೆಯಬೇಡಿ. ‘ಇಷ್ಟು ರೋಗಿಗಳ ಡಯಾಲಿಸಿಸ್ ಇಷ್ಟು ತಿಂಗಳು ನಮ್ಮ ಜವಾಬ್ದಾರಿ’ ಎಂದು ಅಳೆಯಿರಿ. ನೂರು ಜನರಿಗೆ ಒಂದು ತಿಂಗಳು ಕೊಟ್ಟು ಕೈಬಿಡುವುದಕ್ಕಿಂತ ಹತ್ತು ಜನರ ಪಾಲನ್ನು ವರ್ಷವಿಡೀ ತಪ್ಪದೆ ತಲುಪಿಸುವುದು ಮೇಲೆಂಬುದು ನನ್ನ ದೃಢವಾದ ಅಭಿಪ್ರಾಯ. ತಪ್ಪದೆ ಬರುವ ಪಾಲು ಚಿಕ್ಕದಾದರೂ ಘಟಕದವರು ಅದನ್ನು ನಂಬಿ ಮುಂದಿನ ತಿಂಗಳ ಪಟ್ಟಿ ಬರೆಯಬಲ್ಲರು.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಸಾಕ್ಷಿಗಳಿವೆ. ಯೆಮನ್‌ನಲ್ಲಿ 2015ರಲ್ಲಿ ಯುದ್ಧ ತೀವ್ರವಾದ ಮೇಲೆ ಡಯಾಲಿಸಿಸ್ ರೋಗಿಗಳಲ್ಲಿ ವರ್ಷಕ್ಕೆ ನಾಲ್ಕರಲ್ಲಿ ಒಬ್ಬರು ಸಾಯುತ್ತಿದ್ದಾರೆಂದು ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ 2018ರಲ್ಲಿ ಹೇಳಿತು. ಗಾಜಾದಲ್ಲಿ 2023ರ ಅಕ್ಟೋಬರ್‌ಗೆ ಮೊದಲು ಸುಮಾರು 1,100 ಡಯಾಲಿಸಿಸ್ ರೋಗಿಗಳಿದ್ದರು. ಯುದ್ಧ ಆರಂಭವಾದ ಮೇಲೆ ವಾರಕ್ಕೆ ಮೂರು ಇದ್ದದ್ದು ಎರಡಾಯಿತು, ನಾಲ್ಕು ಗಂಟೆ ಇದ್ದದ್ದೂ ಕಡಿಮೆಯಾಯಿತು; ಕಿಡ್ನಿ ರೋಗಿಗಳಲ್ಲಿ ಐವರಲ್ಲಿ ಇಬ್ಬರು ತೀರಿಕೊಂಡಿದ್ದಾರೆಂದು 2025ರ ನಡುವಿನ ಹೊತ್ತಿಗೆ ಅಲ್ಲಿನ ಆರೋಗ್ಯ ಸಚಿವಾಲಯ ತಿಳಿಸಿತು. ಇವರಲ್ಲಿ ಹೆಚ್ಚಿನವರ ಮೈಮೇಲೆ ಗಾಯವೇ ಇರುವುದಿಲ್ಲ. ಸತ್ತವರ ಪಟ್ಟಿಯಲ್ಲಿ ಅವರ ಹೆಸರು ಎಷ್ಟೋ ಸಲ ಯುದ್ಧದ ಲೆಕ್ಕಕ್ಕೆ ಸೇರುವುದೂ ಇಲ್ಲ.

ಒಂದು ಡಯಾಲಿಸಿಸ್‌ಗೆ ಏನೇನು ಬೇಕು

ಒಂದು ಡಯಲೈಸರ್, ಅಂದರೆ ರಕ್ತ ಸೋಸುವ ಫಿಲ್ಟರ್. ರಕ್ತ ಹೋಗಿಬರುವ ಒಂದು ಜೊತೆ ಬ್ಲಡ್ ಲೈನ್. ಎರಡು ಫಿಸ್ಟುಲಾ ಸೂಜಿ; ಫಿಸ್ಟುಲಾ ಎಂದರೆ ಡಯಾಲಿಸಿಸ್‌ಗಾಗಿ ಕೈಯಲ್ಲಿ ಜೋಡಿಸಿದ ರಕ್ತನಾಳ. ಯಂತ್ರದಲ್ಲಿ ನೀರಿಗೆ ಬೆರೆಯುವ ಆಮ್ಲದ ದ್ರಾವಣ, ಅದರ ಜೊತೆಗೆ ಬೈಕಾರ್ಬನೇಟ್. ಲೈನುಗಳನ್ನು ತೊಳೆದು ತುಂಬಿಸಲು ಮತ್ತು ಕೊನೆಯಲ್ಲಿ ರಕ್ತವನ್ನು ಮರಳಿ ದೇಹಕ್ಕೆ ಕಳುಹಿಸಲು ಸಲೈನ್. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್. ಆಮೇಲೆ ಕೈಗವಸು, ಸಿರಿಂಜ್, ಗಾಜ್ ಬಟ್ಟೆ, ಅಂಟುಪಟ್ಟಿ. ಇಷ್ಟರಲ್ಲಿ ಒಂದು ಇಲ್ಲದಿದ್ದರೂ ಉಳಿದದ್ದೆಲ್ಲ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಯುದ್ಧಪ್ರದೇಶಗಳಿಗೆ ಹೋಗುವ ಸಾಮಾನ್ಯ ತುರ್ತು ಔಷಧ ಕಿಟ್‌ಗಳಲ್ಲಿ ಇವು ಇರುವುದಿಲ್ಲ, ಬೇರೆಯಾಗಿಯೇ ಹೊಂದಿಸಬೇಕು.

ನಮ್ಮ ಘಟಕಕ್ಕೆ ಒಮ್ಮೆ ಒಳ್ಳೆಯ ಮನಸ್ಸಿನಿಂದ ದೊಡ್ಡ ದಾನ ಬಂತು. ಡಯಲೈಸರ್‌ಗಳು ಒಂದು ಲಾರಿಯಲ್ಲಿ, ಬ್ಲಡ್ ಲೈನ್‌ಗಳು ಇನ್ನೊಂದು ಲಾರಿಯಲ್ಲಿ. ಎರಡನೆಯ ಲಾರಿಯನ್ನು ತಪಾಸಣೆ ಠಾಣೆಯಲ್ಲಿ ನಿಲ್ಲಿಸಿದರು. ಹನ್ನೊಂದು ದಿನ ನಾವು ಛಾವಣಿ ಮುಟ್ಟುವಷ್ಟು ಡಯಲೈಸರ್ ಇಟ್ಟುಕೊಂಡು ಒಂದೊಂದೇ ಲೈನ್ ಎಣಿಸುತ್ತ ಕುಳಿತಿದ್ದೆವು. ಅಂದಿನಿಂದ ನನ್ನ ನಿಯಮ ಒಂದೇ: ಯಾವ ವಾಹನ ಹೊರಟರೂ ಅದರಲ್ಲಿರುವುದು ಪೂರ್ತಿ ಜೋಡಣೆಯಾಗಿರಬೇಕು. ಇನ್ನೂರು ಡಯಾಲಿಸಿಸ್‌ಗೆ ಆಗುವಷ್ಟು ಕಳುಹಿಸುವುದಾದರೆ ಇನ್ನೂರಕ್ಕೆ ಬೇಕಾದ ಎಲ್ಲವೂ ಆ ಒಂದೇ ವಾಹನದಲ್ಲಿರಲಿ. ಬಂದಷ್ಟು ಬಂದಂತೆಯೇ ಬಳಕೆಗೆ ಸಿಗುತ್ತದೆ.

ಹೊಂದಾಣಿಕೆಯನ್ನು ಊಹಿಸಬೇಡಿ. ಡಯಲೈಸರ್ ಸಾಮಾನ್ಯವಾಗಿ ಯಾವ ಯಂತ್ರಕ್ಕೂ ಕೂರುತ್ತದೆ. ಬ್ಲಡ್ ಲೈನ್ ಹಾಗಲ್ಲ, ಪಂಪಿನೊಳಗೆ ಕೂರುವ ಭಾಗದ ಅಳತೆ ಯಂತ್ರದಿಂದ ಯಂತ್ರಕ್ಕೆ ಬೇರೆ. ಬೈಕಾರ್ಬನೇಟ್ ಕಾರ್ಟ್ರಿಜ್ ಕೂಡ ತಯಾರಕರಿಗೆ ತಕ್ಕಂತೆ ಬದಲಾಗುತ್ತದೆ. ಆಮ್ಲದ ದ್ರಾವಣದಲ್ಲಂತೂ ವಿಶೇಷ ಎಚ್ಚರ ಬೇಕು: ಒಂದು ಬಗೆ ಒಂದಕ್ಕೆ 34 ಭಾಗದಂತೆ ತೆಳುವಾಗುವಂಥದ್ದು, ಇನ್ನೊಂದು ಒಂದಕ್ಕೆ 44ರಂತೆ. ಒಂದರ ಬದಲು ಇನ್ನೊಂದು ಸೇರಿದರೆ ರೋಗಿಯ ರಕ್ತದ ಲವಣಗಳೇ ಏರುಪೇರಾಗುತ್ತವೆ. ಘಟಕದವರಿಂದ ಯಂತ್ರದ ಮಾದರಿ ಫಲಕದ ಮತ್ತು ಈಗ ಬಳಕೆಯಲ್ಲಿರುವ ಪ್ರತಿಯೊಂದು ಸಾಮಗ್ರಿಯ ಲೇಬಲ್‌ನ ಫೋಟೊ ತರಿಸಿಕೊಂಡು, ಅದನ್ನು ಎದುರಿಗಿಟ್ಟುಕೊಂಡೇ ಖರೀದಿ ಮಾಡಿ. ಅವಧಿ ಮುಗಿಯುವ ದಿನಾಂಕ, ಸಾಮಗ್ರಿ ಅಲ್ಲಿ ತಲುಪಿದ ಮೇಲೂ ಕನಿಷ್ಠ ಒಂದು ವರ್ಷ ದೂರವಿರಬೇಕು. ಔಷಧ ದಾನದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುವುದೂ ಇದನ್ನೇ.

ಮಕ್ಕಳನ್ನು ಬಹಳ ಜನ ಮರೆಯುತ್ತಾರೆ. ದೊಡ್ಡವರ ಲೈನ್ ಮತ್ತು ಡಯಲೈಸರ್ ಸೇರಿ ಸುಮಾರು 250 ಮಿಲಿಲೀಟರ್ ರಕ್ತ ಹಿಡಿಯುತ್ತದೆ. ಹದಿನೈದು ಕಿಲೊ ತೂಗುವ ಮಗುವಿನ ಮೈಯಲ್ಲಿರುವ ಒಟ್ಟು ರಕ್ತವೇ ಒಂದೂಕಾಲು ಲೀಟರ್‌ಗಿಂತ ಹೆಚ್ಚಿಲ್ಲ. ಅದರಲ್ಲಿ ಐದನೇ ಒಂದು ಭಾಗವನ್ನು ಒಮ್ಮೆಲೇ ಹೊರಗೆ ತೆಗೆದರೆ ಮಗು ತಡೆದುಕೊಳ್ಳುವುದಿಲ್ಲ. ಘಟಕದಲ್ಲಿ ಮಕ್ಕಳಿದ್ದಾರೆಯೇ, ಅವರ ತೂಕವೆಷ್ಟು ಎಂದು ಕೇಳಿ ಅವರ ಅಳತೆಯ ಲೈನ್, ಡಯಲೈಸರ್, ಸೂಜಿಗಳನ್ನು ತಪ್ಪದೆ ಸೇರಿಸಿ. ಬೇಕಾಗುವ ಸಂಖ್ಯೆ ಚಿಕ್ಕದು, ಆದರೆ ಅದರ ಬದಲಿಗೆ ಬಳಸಲು ಬೇರೇನೂ ಸಿಗುವುದಿಲ್ಲ.

ನೀರು

ಇದರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಏಕೆಂದರೆ ದಾನಿಗಳ ಪಟ್ಟಿಯಲ್ಲಿ ನೀರು ಕಾಣಿಸುವುದೇ ಅಪರೂಪ.

ಯಂತ್ರದೊಳಗೆ ನಿಮಿಷಕ್ಕೆ ಅರ್ಧ ಲೀಟರ್ ದ್ರವ ಹರಿಯುತ್ತದೆ. ನಾಲ್ಕು ಗಂಟೆಗೆ 120 ಲೀಟರ್. ಅದಕ್ಕೆ ಬೇಕಾದ ನೀರನ್ನು ಪೊರೆಯ ಮೂಲಕ ಶುದ್ಧಗೊಳಿಸುವ ಆರ್‌ಒ ಘಟಕ ತಾನು ಪಡೆದ ನೀರಿನಲ್ಲಿ ಅರ್ಧದಷ್ಟನ್ನು ಹೊರಗೆ ಚೆಲ್ಲುತ್ತದೆ ಎಂದುಕೊಂಡರೂ ಒಂದು ಡಯಾಲಿಸಿಸ್‌ಗೆ ಸುಮಾರು 250 ಲೀಟರ್ ಬೇಕಾಯಿತು. ನಮ್ಮಲ್ಲಿ ದಿನಕ್ಕೆ 31 ಡಯಾಲಿಸಿಸ್ ನಡೆಯುತ್ತಿದ್ದ ಕಾಲದಲ್ಲಿ ಹತ್ತಿರ ಹತ್ತಿರ ಎಂಟು ಸಾವಿರ ಲೀಟರ್ ಬೇಕಾಗುತ್ತಿತ್ತು. ಕುಡಿಯುವ ನೀರಿಗೇ ಸಾಲು ನಿಲ್ಲುವ ಊರಿನಲ್ಲಿ ಇಷ್ಟು ನೀರನ್ನು ದಿನವೂ ಕೇಳುವುದು ಸುಲಭವಲ್ಲ. ನೀರಿನ ಟ್ಯಾಂಕರ್‌ಗೆ ಹಣ ಕೊಡುವುದು, ಛಾವಣಿಯ ಮೇಲೆ ಇನ್ನೊಂದು ತೊಟ್ಟಿ ಕೂರಿಸುವುದು ಕಣ್ಣಿಗೆ ಬೀಳುವ ದಾನವಲ್ಲ. ಆದರೆ ಸಾಮಗ್ರಿ ಎಲ್ಲ ಇದ್ದೂ ನೀರಿಲ್ಲದೆ ಪಾಳಿ ರದ್ದಾದ ದಿನಗಳು ನನಗೆ ಗೊತ್ತು.

ನೀರು ಸಿಕ್ಕರೆ ಸಾಲದು. ನಾವು ಕುಡಿಯುವ ನೀರು ಕರುಳಿನ ಮೂಲಕ ಸೋಸಿಹೋಗುತ್ತದೆ. ಡಯಾಲಿಸಿಸ್‌ನ ನೀರಿಗೂ ರಕ್ತಕ್ಕೂ ನಡುವೆ ಒಂದು ತೆಳು ಪೊರೆ ಬಿಟ್ಟರೆ ಬೇರೇನೂ ಇಲ್ಲ. 1996ರಲ್ಲಿ ಬ್ರೆಜಿಲ್‌ನ ಕರುವಾರು ಎಂಬ ಊರಿನ ಒಂದು ಡಯಾಲಿಸಿಸ್ ಕೇಂದ್ರಕ್ಕೆ ಸರಿಯಾಗಿ ಶುದ್ಧೀಕರಿಸದ ಜಲಾಶಯದ ನೀರು ಲಾರಿಯಲ್ಲಿ ಬಂತು. ನೀರಿನಲ್ಲಿ ಪಾಚಿಯಂಥ ಸೂಕ್ಷ್ಮಜೀವಿಗಳ ವಿಷವಿತ್ತು, ಐವತ್ತಕ್ಕೂ ಹೆಚ್ಚು ರೋಗಿಗಳು ಸತ್ತರು. ಅಲ್ಲಿ ಯುದ್ಧವಿರಲಿಲ್ಲ.

ಯುದ್ಧಪ್ರದೇಶದಲ್ಲಿ ಇನ್ನೊಂದು ಅಪಾಯ ಸೇರುತ್ತದೆ. ಕಾಲರಾ ಹರಡದಿರಲೆಂದು ಟ್ಯಾಂಕರ್ ನೀರಿಗೆ ಕ್ಲೋರಿನ್ ಹೆಚ್ಚು ಹಾಕುತ್ತಾರೆ. ಅದು ಊರಿಗೆ ಒಳ್ಳೆಯದು, ನಮ್ಮ ರೋಗಿಗಳಿಗೆ ಮಾರಕ. ಕ್ಲೋರಿನ್ ಮತ್ತು ಅದರ ಸಂಯುಕ್ತವಾದ ಕ್ಲೋರಮೈನ್ ರಕ್ತಕಣಗಳನ್ನು ಒಡೆದುಹಾಕುತ್ತವೆ. ಒಂದು ಬೆಳಗ್ಗೆ ಟ್ಯಾಂಕರ್ ಚಾಲಕ ಸಂತೋಷದಿಂದ ‘ಇವತ್ತು ಎರಡರಷ್ಟು ಶುದ್ಧ ಮಾಡಿಸಿ ತಂದಿದ್ದೇನೆ’ ಎಂದ. ಪಾಳಿಗೆ ಮುಂಚೆ ಪರೀಕ್ಷೆ ಮಾಡಿದರೆ, ಕಾರ್ಬನ್ ಫಿಲ್ಟರ್ ದಾಟಿ ಬಂದ ನೀರಿನಲ್ಲೂ ಕ್ಲೋರಿನ್ ಪರೀಕ್ಷಾ ಪಟ್ಟಿಯ ಬಣ್ಣ ಬದಲಾಯಿತು. ಒಟ್ಟು ಕ್ಲೋರಿನ್ ಲೀಟರ್‌ಗೆ 0.1 ಮಿಲಿಗ್ರಾಂ ಮೀರಬಾರದು. ಹತ್ತು ಮಂದಿ ಆಗಲೇ ಮಂಚದ ಮೇಲಿದ್ದರು. ಅವರನ್ನು ಎರಡೂವರೆ ಗಂಟೆ ಕಾಯಿಸಿ, ಹಳೆಯ ತೊಟ್ಟಿಯ ನೀರಿಗೆ ಬದಲಾಯಿಸಿ ಪಾಳಿ ಆರಂಭಿಸಿದೆವು. ಅಂದು ಅಷ್ಟೂ ಜನರನ್ನು ಉಳಿಸಿದ್ದು ಅಂಗೈಯಲ್ಲಿ ಅಡಗುವ ಒಂದು ಕಾಗದದ ಪಟ್ಟಿ. ಕ್ಲೋರಿನ್ ಪರೀಕ್ಷಾ ಪಟ್ಟಿ, ಫಿಲ್ಟರ್‌ಗೆ ಹೊಸ ಕಾರ್ಬನ್, ಆರ್‌ಒ ಪೊರೆ, ಮುಂಚೂಣಿ ಸೋಸುಕಗಳು, ನೀರು ಮೆದುಗೊಳಿಸುವ ಘಟಕಕ್ಕೆ ಉಪ್ಪು: ಇವನ್ನು ನಿಮ್ಮ ಪಟ್ಟಿಯ ಮೊದಲ ಪುಟದಲ್ಲಿ ಬರೆದುಕೊಳ್ಳಿ.

ವಿದ್ಯುತ್ತು ಮತ್ತು ಯಂತ್ರ

ಡಯಾಲಿಸಿಸ್ ನಡೆಯುತ್ತಿರುವಾಗ ಕರೆಂಟು ಹೋದರೆ ಬ್ಯಾಟರಿ ಇರುವ ಯಂತ್ರ ರಕ್ತದ ಪಂಪನ್ನು ಕೆಲವು ನಿಮಿಷ ಓಡಿಸುತ್ತದೆ. ಬ್ಯಾಟರಿ ಹಳೆಯದಾಗಿದ್ದರೆ ಅದೂ ಇಲ್ಲ. ಆಗ ಯಂತ್ರದ ಹಿಂಬದಿಯಲ್ಲೋ ಪಕ್ಕದಲ್ಲೋ ಇರುವ ಚಿಕ್ಕ ಹಿಡಿಕೆಯನ್ನು ಪಂಪಿಗೆ ಸಿಕ್ಕಿಸಿ, ಬಾಣದ ಗುರುತಿನ ದಿಕ್ಕಿಗೆ ನಿಧಾನವಾಗಿ ತಿರುಗಿಸುತ್ತ ರಕ್ತವನ್ನು ಮರಳಿ ದೇಹಕ್ಕೆ ಸೇರಿಸಬೇಕು. ಹನ್ನೊಂದು ರೋಗಿಗಳು, ನಾಲ್ಕು ಸಿಬ್ಬಂದಿ. ನಾವು ರೋಗಿಗಳ ಜೊತೆ ಬಂದ ಮಗಳು, ಗಂಡ, ಅಣ್ಣ ಎಲ್ಲರಿಗೂ ಹಿಡಿಕೆ ತಿರುಗಿಸುವುದನ್ನು ಮೊದಲೇ ಕಲಿಸಿಟ್ಟಿದ್ದೆವು. ಗಾಳಿಯ ಗುಳ್ಳೆ ಕಂಡರೆ ತಕ್ಷಣ ನಿಲ್ಲಿಸಿ ನಮ್ಮನ್ನು ಕೂಗಬೇಕೆಂಬುದನ್ನೂ ಕಲಿಸಿದ್ದೆವು. ತರಬೇತಿಗೆ ಹಣ ಕೊಡುವ ದಾನಿ ಸಿಕ್ಕರೆ ನಾನು ಮೊದಲು ಕೇಳುವುದು ಈ ಅರ್ಧ ದಿನದ ಪಾಠವನ್ನು.

ಇಂಧನಕ್ಕೆ ಕೊಡುವ ಹಣ ಡಯಾಲಿಸಿಸ್‌ಗೇ ಕೊಟ್ಟ ಹಣ. ಅದನ್ನು ಪ್ರತ್ಯೇಕವಾಗಿ ಗೊತ್ತುಮಾಡಿ, ಏಕೆಂದರೆ ಆಸ್ಪತ್ರೆಯ ಒಂದೇ ಜನರೇಟರ್‌ಗೆ ಶಸ್ತ್ರಚಿಕಿತ್ಸೆಯ ಕೋಣೆಯೂ ನವಜಾತ ಶಿಶುಗಳ ಘಟಕವೂ ಕಾಯುತ್ತಿರುತ್ತವೆ. ಜನರೇಟರ್‌ನ ಏರಿಳಿತದಿಂದ ಯಂತ್ರದ ವಿದ್ಯುತ್ ಫಲಕಗಳು ಸುಡುತ್ತವೆ. ಪ್ರತಿ ಘಟಕಕ್ಕೂ ಸ್ಟೆಬಿಲೈಸರ್ ಬೇಕು. ಸೌರಫಲಕಗಳು ಹಗಲಿನ ಒಂದು ಪಾಳಿಯ ಭಾರ ಹೊತ್ತರೂ ಡೀಸೆಲ್ ಉಳಿಯುತ್ತದೆ.

ಇನ್ನು ಯಂತ್ರದ ಮಾತು. ದಾನಿಗಳಿಗೆ ಯಂತ್ರ ಕೊಡುವ ಆಸೆ ಹೆಚ್ಚು. ಅದರ ಮೇಲೆ ಹೆಸರು ಬರೆಸಬಹುದು. ಆ ಆಸೆಯನ್ನು ನಾನು ತಪ್ಪೆನ್ನುವುದಿಲ್ಲ, ಆದರೆ ನಮ್ಮ ಘಟಕದ ಲೆಕ್ಕ ಕೇಳಿ. ಹನ್ನೊಂದು ಯಂತ್ರ, ದಿನಕ್ಕೆ ಮೂರು ಪಾಳಿ, ವಾರಕ್ಕೆ ಆರು ದಿನ: ಒಟ್ಟು 198 ಡಯಾಲಿಸಿಸ್. ನಮ್ಮ ರೋಗಿಗಳು 62. ಪ್ರತಿಯೊಬ್ಬರಿಗೂ ಮೂರರಂತೆ 186, ಚೆನ್ನಾಗಿಯೇ ಸಾಲುತ್ತಿತ್ತು. ನಾಲ್ಕು ಯಂತ್ರ ಕೆಟ್ಟವು. ಏಳು ಯಂತ್ರಕ್ಕೆ 126. ಅಂದರೆ 62 ಜನರಿಗೂ ವಾರಕ್ಕೆ ಎರಡೇ. ಹಾಗೆ ನಾಲ್ಕು ತಿಂಗಳು ನಡೆಯಿತು. ಆ ನಡುವೆ ಯಾರೋ ಪುಣ್ಯಾತ್ಮರು ಆರು ಹಳೆಯ ಯಂತ್ರ ಕಳುಹಿಸಿದರು. ಅವುಗಳ ಮಾದರಿಯೇ ಬೇರೆ, ಲೈನ್ ಬೇರೆ, ಬಿಡಿಭಾಗ ಬೇರೆ, ಕೈಪಿಡಿ ಯಾರಿಗೂ ಬಾರದ ಭಾಷೆಯಲ್ಲಿ. ಅವು ಓಣಿಯ ಗೋಡೆಗೆ ಒರಗಿಕೊಂಡೇ ಉಳಿದವು. ಕೊನೆಗೆ ನಮ್ಮ ಕಷ್ಟ ತೀರಿಸಿದ್ದು ಒಬ್ಬರು ಕೈಚೀಲದಲ್ಲಿ ತಂದ ಬಿಡಿಭಾಗಗಳು: ಎರಡು ವಿದ್ಯುತ್ ಫಲಕ, ಒಂದು ಪಂಪ್ ಮೋಟಾರ್, ಒಂದು ವಾಹಕತೆ ಅಳೆಯುವ ಸೆನ್ಸರ್. ಚೀಲದ ತೂಕ ಮೂರು ಕಿಲೊ ಇದ್ದಿರಬಹುದು. ನಾಲ್ಕು ಯಂತ್ರಗಳೂ ಎದ್ದು ನಿಂತವು, 62 ಜನರಿಗೂ ಮೂರನೆಯ ಡಯಾಲಿಸಿಸ್ ಮರಳಿ ಸಿಕ್ಕಿತು. ಒಬ್ಬ ಹಿರಿಯ ದರ್ಜಿ ಅಂದು ತನ್ನ ಕಾಲಿನ ಊತವನ್ನು ಬೆರಳಿನಿಂದ ಒತ್ತಿ ತೋರಿಸಿ ‘ಇನ್ನು ಚಪ್ಪಲಿ ಹಾಕಿಕೊಳ್ಳಬಹುದು’ ಎಂದರು.

ಹೊಸ ಯಂತ್ರ ಬೇಕೇಬೇಕಾದರೆ ಅಲ್ಲಿ ಈಗಿರುವ ಮಾದರಿಯನ್ನೇ ಕೊಡಿ, ಎರಡು ವರ್ಷದ ಬಿಡಿಭಾಗದ ಜೊತೆಗೆ. ಅದಕ್ಕೂ ಮೊದಲು ಕೆಟ್ಟು ನಿಂತಿರುವ ಯಂತ್ರಗಳ ಪರದೆಯಲ್ಲಿ ಕಾಣುವ ದೋಷದ ಸಂಖ್ಯೆಯ ಫೋಟೊ ತರಿಸಿ, ಅನುಭವವಿರುವ ಎಂಜಿನಿಯರ್‌ಗೆ ತೋರಿಸಿ.

ಗಾಯಾಳುಗಳಿಗೆ ಮೊದಲು ಎನ್ನುವವರಿಗೆ

ಬಾಂಬು ಬೀಳುತ್ತಿರುವ ಕಡೆ ಡಯಾಲಿಸಿಸ್‌ನಂಥ ದುಬಾರಿ ಚಿಕಿತ್ಸೆ ಏಕೆ ಎಂದು ಕೇಳುವವರು ಸಿಗುತ್ತಾರೆ. ಅವರ ಮೇಲೆ ಸಿಟ್ಟಾಗಬೇಡಿ, ವಿಷಯ ತಿಳಿಸಿ. ಕುಸಿದ ಕಟ್ಟಡದಡಿ ಗಂಟೆಗಟ್ಟಲೆ ಸಿಕ್ಕಿಕೊಂಡವರ ಸ್ನಾಯುಗಳು ನಜ್ಜುಗುಜ್ಜಾಗಿ, ಅದರ ತ್ಯಾಜ್ಯ ರಕ್ತಕ್ಕೆ ಸೇರಿ ಕಿಡ್ನಿ ಕೆಲಸ ನಿಲ್ಲಿಸುತ್ತದೆ. ಇದನ್ನು 1941ರಲ್ಲಿ ಲಂಡನ್ನಿನ ಮೇಲೆ ಬಾಂಬ್ ದಾಳಿಯಾದಾಗ ಎರಿಕ್ ಬೈವಾಟರ್ಸ್ ಎಂಬ ವೈದ್ಯರು ವಿವರವಾಗಿ ಗುರುತಿಸಿದರು. ಅವಶೇಷದಿಂದ ಜೀವಂತ ಹೊರತೆಗೆದವರನ್ನು ಕೆಲವು ವಾರ ಡಯಾಲಿಸಿಸ್ ಮೇಲೆ ಹಿಡಿದಿಟ್ಟರೆ ಅನೇಕರ ಕಿಡ್ನಿ ಮತ್ತೆ ಕೆಲಸ ಆರಂಭಿಸುತ್ತದೆ. 1988ರ ಆರ್ಮೇನಿಯ ಭೂಕಂಪದಲ್ಲಿ ಈ ಕೊರತೆ ಕಣ್ಣಿಗೆ ಹೊಡೆದ ಮೇಲೆಯೇ ಅಂತರರಾಷ್ಟ್ರೀಯ ಕಿಡ್ನಿ ತಜ್ಞರ ಸಂಘ ವಿಪತ್ತು ನೆರವಿನ ಪ್ರತ್ಯೇಕ ತಂಡ ಕಟ್ಟಿತು. ನಿತ್ಯದ ರೋಗಿಗಳಿಗಾಗಿ ನಡೆಯುತ್ತಿರುವ ಘಟಕವೇ ಗಾಯಾಳುಗಳಿಗೂ ಒದಗುತ್ತದೆ. ಮುಚ್ಚಿದ ಘಟಕವನ್ನು ಬಾಂಬು ಬಿದ್ದ ರಾತ್ರಿ ತೆರೆಯಲಾಗದು.

ಡಯಾಲಿಸಿಸ್ ರೂಪುಗೊಂಡದ್ದೂ ಯುದ್ಧದ ನಡುವೆಯೇ. ನಾಜಿ ಜರ್ಮನಿಯ ವಶದಲ್ಲಿದ್ದ ನೆದರ್‌ಲೆಂಡ್ಸ್‌ನ ಕಾಂಪೆನ್ ಎಂಬ ಚಿಕ್ಕ ಊರಿನಲ್ಲಿ ವಿಲೆಂ ಕೋಲ್ಫ್ ಎಂಬ ವೈದ್ಯರು 1943ರಲ್ಲಿ, ಮಾಂಸದ ಸಾಸೇಜ್ ತುಂಬಲು ಬಳಸುವ ಸೆಲೊಫೇನ್ ಕೊಳವೆಯನ್ನು ಮರದ ಪಟ್ಟಿಗಳ ಉರುಳೆಗೆ ಸುತ್ತಿ ಯಂತ್ರ ಮಾಡಿದರು. 1945ರಲ್ಲಿ 67 ವರ್ಷದ ಒಬ್ಬ ಮಹಿಳೆ ಅದರಿಂದ ಬದುಕಿ ಉಳಿದರು. ಅದಕ್ಕೆ ಮುಂಚಿನ ರೋಗಿಗಳಲ್ಲಿ ಬಹುತೇಕರು ಉಳಿದಿರಲಿಲ್ಲ, ಆದರೂ ಕೋಲ್ಫ್ ಕೈಬಿಡಲಿಲ್ಲ.

ರೋಗಿ ಮನೆಯಿಂದ ಮಂಚದವರೆಗೆ

ಘಟಕದಲ್ಲಿ ಎಲ್ಲ ಇದ್ದೂ ರೋಗಿ ಬಾರದಿದ್ದರೆ? ವಾರಕ್ಕೆ ಮೂರು ಸಲ ಹೋಗಿಬರುವ ವಾಹನದ ಖರ್ಚು ಮನೆಯವರ ಊಟದ ಖರ್ಚನ್ನೇ ಮೀರುವುದುಂಟು. ಕರ್ಫ್ಯೂ ಇದ್ದರೆ ಸಂಜೆಯ ಪಾಳಿಯವರು ಮರಳಲಾಗದು. ನಾವು ಮಾಡಿದ್ದು ಇಷ್ಟು: ಒಂದೇ ದಿಕ್ಕಿನಿಂದ ಬರುವವರನ್ನು ಒಂದೇ ಪಾಳಿಗೆ ಹಾಕಿ ಅವರಿಗೆಲ್ಲ ಒಂದೇ ವ್ಯಾನ್ ಗೊತ್ತುಮಾಡಿದೆವು. ದೂರದವರಿಗೆ ಆಸ್ಪತ್ರೆಯ ಹತ್ತಿರ ಎರಡು ಕೋಣೆ ಬಾಡಿಗೆಗೆ ಹಿಡಿದೆವು. ಚಿಕ್ಕ ಗುಂಪಿನ ದಾನಿಗಳಿಗೆ ನಾನು ಸೂಚಿಸುವುದು ಇದನ್ನೇ. ಗಡಿ ದಾಟಿಸುವ ಸಾಮಗ್ರಿ ಏನೂ ಇಲ್ಲ, ಪರವಾನಗಿಯ ತೊಡಕಿಲ್ಲ, ಫಲ ಅದೇ ವಾರ ಕಾಣುತ್ತದೆ.

ಪ್ರತಿ ರೋಗಿಯ ಕೈಯಲ್ಲೂ ನೀರು ತಾಗದಂತೆ ಲ್ಯಾಮಿನೇಟ್ ಮಾಡಿದ ಒಂದು ಕಾರ್ಡ್ ಇರಬೇಕು. ಊರು ಬಿಟ್ಟು ಓಡಬೇಕಾಗಿ ಬಂದಾಗ ಕಡತ ಜೊತೆಗೆ ಬರುವುದಿಲ್ಲ. ಕಾರ್ಡಿನಲ್ಲಿ ಡ್ರೈ ವೇಟ್, ಅಂದರೆ ಹೆಚ್ಚಿನ ನೀರೆಲ್ಲ ತೆಗೆದ ಮೇಲಿನ ತೂಕ. ಯಾವ ಡಯಲೈಸರ್, ಎಷ್ಟು ಹೆಪಾರಿನ್. ಫಿಸ್ಟುಲಾ ಯಾವ ಕೈಯಲ್ಲಿ ಅಥವಾ ರಕ್ತನಾಳಕ್ಕೆ ಹಾಕಿದ ಕೊಳವೆ (ಕ್ಯಾಥೆಟರ್) ಎಲ್ಲಿ. ಕೊನೆಯ ಡಯಾಲಿಸಿಸ್ ಯಾವಾಗ. ರಕ್ತದ ಗುಂಪು, ಒಗ್ಗದ ಔಷಧ, ನಿತ್ಯದ ಮಾತ್ರೆ. ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆಯ ಫಲಿತಾಂಶ ಹೊಸ ಘಟಕಕ್ಕೆ ಗೊತ್ತಾಗಲೇಬೇಕು, ಹೆಪಟೈಟಿಸ್ ಬಿ ಇರುವವರಿಗೆ ಬೇರೆ ಯಂತ್ರ ಬೇಕಾಗುತ್ತದೆ. ಆದರೆ ಅದು ದಾರಿಯಲ್ಲಿ ತಪಾಸಣೆ ಮಾಡುವವರು ಓದುವಂತಿರಬಾರದು. ನಾವು ಘಟಕಗಳ ನಡುವೆ ಮಾತ್ರ ತಿಳಿದ ಚಿಹ್ನೆಯೊಂದನ್ನು ಬಳಸಿದೆವು. ಕಾರ್ಡ್ ಎರಡು ಭಾಷೆಯಲ್ಲಿರಲಿ: ಒಂದು ರೋಗಿಯದು, ಇನ್ನೊಂದು ಗಡಿಯಾಚೆಯ ವೈದ್ಯರಿಗೆ ಅರ್ಥವಾಗುವುದು.

ಆಹಾರದ ಪೊಟ್ಟಣ ಹಂಚುವವರು ಇವರ ವಿಷಯದಲ್ಲಿ ಅರಿಯದೆ ಹಾನಿ ಮಾಡುತ್ತಾರೆ. ಬೇಳೆಕಾಳು, ಒಣಹಣ್ಣು, ಉಪ್ಪು ಹಾಕಿದ ಡಬ್ಬಿ ಆಹಾರ: ಹಸಿದವರಿಗೆ ಇವೇ ಆಸರೆ, ಡಯಾಲಿಸಿಸ್ ಕಡಿಮೆಯಾದವರಿಗೆ ಪೊಟ್ಯಾಸಿಯಂ ಮತ್ತು ರಂಜಕದ ರಾಶಿ. ಉಪ್ಪು ತಿಂದರೆ ಬಾಯಾರುತ್ತದೆ, ನೀರು ಕುಡಿದರೆ ಊದಿಕೊಳ್ಳುತ್ತದೆ. ಈ ರೋಗಿಗಳ ಪೊಟ್ಟಣದಲ್ಲಿ ಅಕ್ಕಿ, ಎಣ್ಣೆ, ಸಕ್ಕರೆ, ಮೊಟ್ಟೆ ಹೆಚ್ಚಿರಲಿ. ತರಕಾರಿ ಮತ್ತು ಕಾಳನ್ನು ಧಾರಾಳ ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಬೇಕೆಂದು ಚಿತ್ರ ಬರೆದು ಒಂದು ಚೀಟಿ ಇಡಿ. ದಿನಕ್ಕೆ ಎಷ್ಟು ನೀರು ಎಂಬುದನ್ನು ಅಳೆಯಲು ಗುರುತು ಹಾಕಿದ ಒಂದು ಬಾಟಲಿ ಕೊಟ್ಟರೆ ಇನ್ನೂ ಒಳ್ಳೆಯದು.

ಸಿಬ್ಬಂದಿಯನ್ನೂ ನೆನೆಯಿರಿ. ತಿಂಗಳುಗಟ್ಟಲೆ ಸಂಬಳವಿಲ್ಲದೆ ಬರುವ ದಾದಿಯರಿಗೆ ಬಸ್ಸಿನ ಖರ್ಚು ಮತ್ತು ಒಂದು ಹೊತ್ತಿನ ಊಟವನ್ನಾದರೂ ಕೊಡಿ. ಯಾರೋ ಇಬ್ಬರಿಗೆ ಕೊಟ್ಟು ಉಳಿದವರನ್ನು ಬಿಟ್ಟರೆ ಘಟಕ ಒಡೆಯುತ್ತದೆ. ಆಸ್ಪತ್ರೆಯ ಮುಖ್ಯಸ್ಥರೊಡನೆ ಮಾತಾಡಿ ಸ್ವಚ್ಛತೆಯವರನ್ನೂ ಸೇರಿಸಿ ಎಲ್ಲರಿಗೂ ಸಮನಾಗಿ ಕೊಡಿ.

ಹಣ, ಕಾಗದಪತ್ರ, ದಾರಿ

ಸ್ವಂತ ದಾರಿ ಕಡಿಯಲು ಹೋಗಬೇಡಿ. ರೆಡ್ ಕ್ರಾಸ್ ಮತ್ತು ರೆಡ್ ಕ್ರೆಸೆಂಟ್, ವಿಶ್ವ ಆರೋಗ್ಯ ಸಂಸ್ಥೆ, ಈಗಾಗಲೇ ಆ ಪ್ರದೇಶದಲ್ಲಿ ಕೆಲಸ ಮಾಡುತ್ತಿರುವ ವೈದ್ಯಕೀಯ ಸಂಸ್ಥೆಗಳಿಗೆ ವಾಹನವೂ ಪರವಾನಗಿಯೂ ಇರುತ್ತದೆ. ಹಣವನ್ನು ಅವರಿಗೆ ಕೊಡುವುದಾದರೆ ‘ಡಯಾಲಿಸಿಸ್‌ಗೆ ಮಾತ್ರ’ ಎಂದು ಬರವಣಿಗೆಯಲ್ಲಿ ಕೇಳಿ, ಸಾಧ್ಯವೇ ಎಂಬ ಉತ್ತರ ಪಡೆದುಕೊಂಡೇ ಕೊಡಿ. ನಿರ್ಬಂಧಗಳಿರುವ ದೇಶಕ್ಕಾದರೆ ಜನರೇಟರ್, ನೀರು ಶುದ್ಧಿಯ ರಾಸಾಯನಿಕ, ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಪ್ರತ್ಯೇಕ ಅನುಮತಿ ಬೇಕಾಗಬಹುದು. ಅರ್ಜಿಯಲ್ಲಿ ಪ್ರತಿ ವಸ್ತುವಿನ ಮುಂದೆ ಅದು ಯಾವ ಯಂತ್ರದ ಯಾವ ಭಾಗಕ್ಕೆ, ಎಷ್ಟು ಡಯಾಲಿಸಿಸ್‌ಗೆ ಎಂದು ಬರೆಯಿರಿ. 1949ರ ನಾಲ್ಕನೆಯ ಜಿನೀವಾ ಒಪ್ಪಂದದ 23ನೆಯ ವಿಧಿ ನಾಗರಿಕರಿಗೆ ಹೋಗುವ ವೈದ್ಯಕೀಯ ಸಾಮಗ್ರಿಗೆ ದಾರಿ ಬಿಡಬೇಕೆನ್ನುತ್ತದೆ, ಆಸ್ಪತ್ರೆ ಮತ್ತು ವೈದ್ಯಕೀಯ ಸಿಬ್ಬಂದಿಯನ್ನು ರಕ್ಷಿಸಬೇಕೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 2016ರ 2286ನೆಯ ನಿರ್ಣಯ ಹೇಳುತ್ತದೆ. ಅರ್ಜಿಯ ಮೊದಲ ಸಾಲಿನಲ್ಲೇ ಇವನ್ನು ಉಲ್ಲೇಖಿಸಿ. ಠಾಣೆಯಲ್ಲಿ ಲಾರಿ ನಿಂತಾಗ ಚಾಲಕನ ಕೈಯಲ್ಲಿ ಸ್ಥಳೀಯ ಭಾಷೆಯ ಪ್ರತಿಯೂ ಇರಬೇಕು.

ಲೆಕ್ಕ ಕೇಳುವುದು ನಿಮ್ಮ ಹಕ್ಕು, ಆದರೆ ರೋಗಿಯ ಮುಖದ ಫೋಟೊ ಕೇಳಬೇಡಿ. ದಿನದ ಡಯಾಲಿಸಿಸ್ ದಾಖಲೆಯ ಸಂಖ್ಯೆ, ಬಳಸಿದ ಡಯಲೈಸರ್‌ಗಳ ಬ್ಯಾಚ್ ಸಂಖ್ಯೆ, ಉಗ್ರಾಣದ ತಿಂಗಳ ಕೊನೆಯ ಎಣಿಕೆ: ಈ ಮೂರು ಒಂದಕ್ಕೊಂದು ತಾಳೆಯಾದರೆ ಸಾಕ್ಷಿ ಸಿಕ್ಕಿತು. ನಿಮ್ಮ ಹಣದಿಂದ ಬಂದ ಸಾಮಗ್ರಿ ಇಂಥವರಿಗೇ ಸೇರಲಿ ಎಂಬ ಷರತ್ತನ್ನೂ ಹಾಕಬೇಡಿ. ಇಂದು ಉಸಿರು ಕಟ್ಟಿ ಬಂದವರು ಯಾರೋ ಅವರಿಗೆ ಮೊದಲು. ಅದನ್ನು ನಿರ್ಧರಿಸುವವರು ಅಲ್ಲಿನ ವೈದ್ಯರು.

ಹೊಟ್ಟೆಯ ಮೂಲಕ ಮಾಡುವ ಪೆರಿಟೋನಿಯಲ್ ಡಯಾಲಿಸಿಸ್‌ಗೆ ಕರೆಂಟೂ ಬೇಡ, ಯಂತ್ರವೂ ಬೇಡ, ಅದನ್ನೇ ಕೊಡಬಾರದೇ ಎಂದು ಕೇಳುತ್ತಾರೆ. ಕೆಲವರಿಗೆ ಖಂಡಿತ ಸರಿ. ಆದರೆ ದಿನಕ್ಕೆ ನಾಲ್ಕು ಬಾರಿ ಎರಡೆರಡು ಲೀಟರ್ ದ್ರಾವಣವೆಂದರೆ ಒಬ್ಬರಿಗೆ ತಿಂಗಳಿಗೆ 240 ಲೀಟರ್, ಬದಲಾಯಿಸಲು ಸ್ವಚ್ಛವಾದ ಒಂದು ಮೂಲೆ, ತೊಳೆದ ಕೈ. ಡೇರೆಯಲ್ಲಿ ಹನ್ನೆರಡು ಜನರ ಜೊತೆ ಇರುವವರಿಗೆ ಹೊಟ್ಟೆಯ ಸೋಂಕು ತಗಲಲು ತಡವಾಗುವುದಿಲ್ಲ. ದ್ರಾವಣದ ಪೂರೈಕೆ ಗಟ್ಟಿಯಾಗಿದ್ದು ಮನೆ ಉಳಿದಿರುವವರಿಗೆ ಮಾತ್ರ ಯೋಚಿಸಿ.

ಕೊನೆಯದಾಗಿ, ನಿಲ್ಲಿಸುವ ಬಗೆ. ಎಂದಾದರೂ ನಿಮ್ಮ ಹಣ ಮುಗಿಯುತ್ತದೆ. ಮುಗಿಯುವುದಕ್ಕೆ ಮೂರು ತಿಂಗಳು ಮುಂಚೆ ಘಟಕಕ್ಕೆ ಬರವಣಿಗೆಯಲ್ಲಿ ತಿಳಿಸಿ, ಇನ್ನೊಬ್ಬ ದಾನಿಯನ್ನು ಅವರಿಗೆ ಪರಿಚಯಿಸಿ, ಯಾವ ಮಾದರಿಯ ಲೈನ್, ಯಾರಿಂದ ಖರೀದಿ, ಯಾವ ದಾರಿ, ಯಾವ ಅನುಮತಿ ಎಂಬ ಪೂರ್ತಿ ಕಡತ ಅವರ ಕೈಗಿಡಿ. ಕೊನೆಯ ಲಾರಿಯಲ್ಲಿ ಒಂದು ತಿಂಗಳಿಗೆ ಆಗುವಷ್ಟು ಹೆಚ್ಚಿಗೆ ಕಳುಹಿಸಿ. ಹೊಸಬರ ಮೊದಲ ಲಾರಿ ಯಾವಾಗಲೂ ತಡವಾಗಿಯೇ ತಲುಪುತ್ತದೆ. ಆ ಲಾರಿ ಒಳಗೆ ಬಂತೆಂದು ಟೆಕ್ನಿಷಿಯನ್ ಫೋನ್ ಮಾಡುವವರೆಗೆ ನಿಮ್ಮ ಕಡತವನ್ನು ಮುಚ್ಚಬೇಡಿ.